ಮೂರು ತಾಲ್ಲೂಕಿನ ಕಲ್ಲು

ಬಂಡಕೊತ್ತೂರಿನ ಬಂಡೆ ಹತ್ತಿ ನಿಂತರೆ ಕಾಣದೆ ಉಳಿಯುವಂಥದ್ದು ಭೂಮಿಯ ಮೇಲೆ ಏನೂ ಇಲ್ಲ. ಪಡುವಣಕ್ಕೆ ಕೋಲಾರದ ಬೆಟ್ಟ, ಮೂಡಣಕ್ಕೆ ಮುಳಬಾಗಿಲಿನ ಬೆಟ್ಟ, ಬಡಗಣಕ್ಕೆ ಶ್ರೀನಿವಾಸಪುರದ ಮಾವಿನ ತೋಪುಗಳು, ತೆಂಕಣ ಪಡುವಣದ ಮೂಲೆಯಲ್ಲಿ ದೂರಕ್ಕೆ ಮಬ್ಬುಮಬ್ಬಾಗಿ ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆ. ಕಣ್ಣು ಚುರುಕಾಗಿದ್ದರೆ ದೇವರಾಯಸಮುದ್ರದ ಕೆರೆಯಲ್ಲಿ ಮೀನು ಮಗ್ಗುಲಾಗುವುದೂ ಕಾಣುತ್ತದೆ. ಕಾಣಲಿಲ್ಲವೆಂದರೆ ತಪ್ಪು ಕಣ್ಣಿನದು, ಬಂಡೆಯದಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಮೂರು ತಾಲ್ಲೂಕುಗಳೂ ಬಂದು ಮೂತಿ ತಾಗಿಸುವುದು ಈ ಊರಿನ ಹೊಲದಲ್ಲೇ. ಅಲ್ಲಿ ಒಂದು ಕಾಲು ಕೋಲಾರಕ್ಕೂ ಇನ್ನೊಂದು ಮುಳಬಾಗಿಲಿಗೂ ಇಟ್ಟು ಸೀನಿದರೆ ಶ್ರೀನಿವಾಸಪುರದವರು ಮುಖ ಒರೆಸಿಕೊಳ್ಳಬೇಕು.

ಇಂಥ ಊರಿನ ಗ್ರಾಮ ಸಹಾಯಕ ಮುನಿರಾಮಪ್ಪ. ತಾಲ್ಲೂಕು ಕಚೇರಿಯ ಕಾಗದಗಳನ್ನು ಮನೆಮನೆಗೆ ಮುಟ್ಟಿಸುವುದು, ಸಾಹೇಬರು ಬಂದರೆ ಗಡಿ ತೋರಿಸುವುದು ಅವನ ಕೆಲಸ. ಅಪ್ಪ, ತಾತ, ಮುತ್ತಾತ ಎಲ್ಲರೂ ಊರಿನ ತೋಟಿಗಳು, ಗಡಿ ಕಾಯುವವರು. ಯಾವ ಕಲ್ಲು ಯಾರ ಹೊಲದ ಮೂಲೆ ಅನ್ನುವುದು ಕಾಗದಕ್ಕಿಂತ ಮೊದಲು ಆ ಮನೆತನದ ತಲೆಯೊಳಗೆ ಇರುತ್ತಿತ್ತು. ಮುನಿರಾಮಪ್ಪನ ತಲೆಯೊಳಗೆ ಏಳು ಸಾವಿರ ಕಲ್ಲುಗಳಿದ್ದವು. ಹಾಗೆಂದು ಅವನೇ ಎಣಿಸಿ ಹೇಳಿದ್ದ. ಮನೆಯಲ್ಲಿ ನಾಲ್ಕು ಮೇಕೆ ಇದ್ದರೆ ನೂರು ಅನ್ನುತ್ತಿದ್ದ. ಹೋಳೂರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದರೆ ಇಪ್ಪತ್ತಾಗುತ್ತಿತ್ತು. ಒಮ್ಮೆ ಅವನನ್ನು ಅಟ್ಟಿಸಿಕೊಂಡು ಬಂದ ನಾಯಿ ಊರು ಮುಟ್ಟುವಷ್ಟರಲ್ಲಿ ಚಿರತೆಯಾಗಿ, ಸಂಜೆಯೊಳಗೆ ಎರಡು ಮರಿಯನ್ನೂ ಹಾಕಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ಇರುತ್ತಿದ್ದವಳು ಅವನ ಹೆಂಡತಿ ಶಾಮಲಮ್ಮ ಒಬ್ಬಳೇ. ಎಲ್ಲ ಕೇಳಿಸಿಕೊಂಡು, ತಟ್ಟೆ ಮುಂದಿಟ್ಟು, "ಈಗ ನಿಜ ಹೇಳು" ಅನ್ನುತ್ತಿದ್ದಳು. ಅವಳ ಮುಂದೆ ಮಾತ್ರ ನಾಲ್ಕು ಮೇಕೆ ನಾಲ್ಕೇ ಆಗಿರುತ್ತಿದ್ದವು.

ಶಾಮಲಮ್ಮ ಸತ್ತು ನಾಲ್ಕು ವರ್ಷವಾಗಿತ್ತು. ಬಂಡೆಯ ಕೆಳಗಿನ ಮೆತ್ತನೆಯ ಮಣ್ಣಿನಲ್ಲಿ, ಕಾಲೋನಿಯವರ ಸ್ಮಶಾನದ ಕೊನೆಯ ಸಾಲಿನಲ್ಲಿ ಅವಳನ್ನು ಮಲಗಿಸಿದ್ದರು.

ಈ ಫಾಲ್ಗುಣದಲ್ಲಿ ಸರ್ವೆಯರ್ ಶ್ರುತಿ ಬಂದಳು. ಇಪ್ಪತ್ತೈದಾರು ವರ್ಷದ ಹುಡುಗಿ. ಕೈಯಲ್ಲಿ ಆಳೆತ್ತರದ ಕೋಲು, ಕೋಲಿನ ತುದಿಗೆ ಬೋರಲು ಹಾಕಿದ ಬೋಗುಣಿಯಂಥ ಯಂತ್ರ. ರೋವರ್ ಅಂತ ಅದರ ಹೆಸರು. ಅದು ಮುಗಿಲಲ್ಲಿ ತಿರುಗುವ ಉಪಗ್ರಹಗಳನ್ನು ವಿಚಾರಿಸಿ, ತಾನು ನಿಂತ ಜಾಗ ಯಾವುದೆಂದು ಬೆರಳಗಲದ ಲೆಕ್ಕದಲ್ಲಿ ಹೇಳುತ್ತದೆ. ಸ್ಮಶಾನಕ್ಕೆ ತಾಗಿದ ಎಂಟು ಎಕರೆಯನ್ನು ಚಿಕ್ಕವೆಂಕಟಪ್ಪನ ಮನೆಯವರು ಗೋಡೌನ್ ಕಟ್ಟುವವರಿಗೆ ಮಾರಲು ಕರಾರು ಮಾಡಿದ್ದರು. ಅದರ ಅಳತೆಗೆಂದೇ ಅವಳು ಬಂದದ್ದು.

"ಇಲ್ಲಿ ಎಷ್ಟು ಸಮಾಧಿ ಇವೆ, ಮುನಿರಾಮಪ್ಪನೋರೇ? ಮಹಜರಿನಲ್ಲಿ ಬರೀಬೇಕು."

"ಮುನ್ನೂರಾದ್ರೂ ಇರ್ಬೇಕು ಮೇಡಂ. ನಮ್ ಜನ ಸಾಯೋದ್ರಲ್ಲಿ ಯಾವತ್ತೂ ಹಿಂದೆ ಬಿದ್ದೋರಲ್ಲ."

ಶ್ರುತಿ ಮಣ್ಣಿನ ಗುಡ್ಡೆಗಳತ್ತ ಒಮ್ಮೆ ಕಣ್ಣಾಡಿಸಿ ನಕ್ಕಳು. ಕಾಗದದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಳು.

ಆಮೇಲೆ ಮೂರು ತಾಲ್ಲೂಕು ಸೇರುವ ಕಲ್ಲು ತೋರಿಸಿ ಅಂದಳು. ಮುನಿರಾಮಪ್ಪ ಸ್ಮಶಾನದ ಆಚೆಗೆ, ಮೊಣಕಾಲೆತ್ತರಕ್ಕೆ ನೆಲದಿಂದ ಎದ್ದು ನಿಂತ ಕಲ್ಲಿನ ಹತ್ತಿರ ಕರೆದುಕೊಂಡು ಹೋದ. ಅದರ ನೆತ್ತಿಯ ಮೇಲೆ ಮೂರು ಗೀರುಗಳಿದ್ದವು. "ನೋಡಿ ಮೇಡಂ, ಒಂದು ಗೀರು ಒಂದು ತಾಲ್ಲೂಕಿಗೆ. ನಮ್ ಮುತ್ತಾತನ ಕಾಲದಲ್ಲಿ ಬಿಳೀ ದೊರೆ ಕುದುರೆಯಿಂದ ಇಳಿದು ತಾನೇ ಕೊರೆದದ್ದು."

ಶ್ರುತಿ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಸವರಿದಳು. "ಗಡಿ ಕಲ್ಲಿಗೆ ಬಾಣದ ಗುರುತು ಇರ್ಬೇಕಲ್ವಾ? ಇದರಲ್ಲಿ ಇಲ್ಲ. ಹಳೇ ನಕಾಶೆ ನೋಡೋಣ ಅಂದ್ರೆ ಆ ಮೂಲೆಯನ್ನೇ ಹುಳು ತಿಂದು ಹಾಕಿದೆ. ತಾನು ಎಲ್ಲಿದೀನಿ ಅಂತ ಯಂತ್ರಕ್ಕೆ ಗೊತ್ತು, ನಿಮ್ಮ ಊರಿನ ಗಡಿ ಎಲ್ಲಿದೆ ಅಂತ ಗೊತ್ತಿಲ್ಲ. ಅದನ್ನ ನೀವೇ ಹೇಳ್ಬೇಕು. ಯೋಚನೆ ಮಾಡಿ ಹೇಳಿ. ಸ್ಮಶಾನದ ಒಂದು ಎಕರೆ ಅಳೆದಿರೋದು ಈ ಕಲ್ಲಿನಿಂದ. ಕಲ್ಲು ಇದಲ್ಲ, ಬಂಡೆ ಕಡೆ ಎಲ್ಲೋ ಇದೆ ಅಂದ್ರೆ ಆ ಎಕರೆ ಜರುಗಿ ಬಂಡೆ ಮೇಲೆ ಹೋಗತ್ತೆ. ಸಮಾಧಿಗಳೆಲ್ಲ ಚಿಕ್ಕವೆಂಕಟಪ್ಪನೋರ ಜಮೀನಲ್ಲಿ ಉಳೀತವೆ."

ಮುನಿರಾಮಪ್ಪನಿಗೆ ಗೊತ್ತಿತ್ತು, ಅದು ಗಡಿ ಕಲ್ಲಲ್ಲ. ಯಾವುದೋ ಕಾಲದಲ್ಲಿ ಜನ ಕುಡುಗೋಲು ಮಸೆದು ಮರೆತ ಕಲ್ಲು. ಮಸೆದು ಮಸೆದೇ ಆ ಮೂರು ಗೀರು ಬಿದ್ದಿದ್ದವು.

ಅದನ್ನು ಗಡಿ ಕಲ್ಲೆಂದು ಅವನು ಮೊದಲು ತೋರಿಸಿದ್ದು ಇಪ್ಪತ್ತು ವರ್ಷದ ಹಿಂದೆ. ಕಾಲೋನಿಯವರು ಆಗ ಕೆರೆಯಂಗಳದಲ್ಲಿ ಹೂಳುತ್ತಿದ್ದರು. ಮಳೆ ಜೋರಾದ ವರ್ಷ ನೀರು ಬಂದು ಗುಡ್ಡೆಗಳನ್ನು ಕರಗಿಸಿ ಹೋಗುತ್ತಿತ್ತು. ಅಲೆದು ಅಲೆದು ಕೊನೆಗೆ ಸ್ಮಶಾನಕ್ಕೆಂದು ಒಂದು ಎಕರೆ ಮಂಜೂರಾಯಿತು. ಸರಪಳಿ ಹೊತ್ತು ಸರ್ವೆಯವರು ಬಂದ ದಿನ ಗಡಿ ಬಲ್ಲ ಅಪ್ಪ ಲಕ್ವ ಹೊಡೆದು, ಮಾತು ಬಿದ್ದು, ಮನೆಯಲ್ಲಿ ಮಲಗಿದ್ದ. ಮೂರು ತಾಲ್ಲೂಕಿನ ಕಲ್ಲನ್ನು ಮಗನಿಗೆ ಅವನು ತೋರಿಸಿರಲಿಲ್ಲ. ಮಗ ಕೇಳಿರಲೂ ಇಲ್ಲ. ಗೊತ್ತಿಲ್ಲ ಅನ್ನುವುದಕ್ಕಿಂತ ಸಾಯುವುದು ಮೇಲು ಅನ್ನುವ ಸ್ವಭಾವ ಅವನದು. ಮುಂದಾಗಿ ನಡೆದು, ಕಣ್ಣಿಗೆ ಬಿದ್ದ ಗೀರುಗಲ್ಲನ್ನು ತೋರಿಸಿ, ಬಿಳೀ ದೊರೆಯ ಕಥೆ ಕಟ್ಟಿಬಿಟ್ಟ. ಸರಪಳಿ ಅಲ್ಲಿಂದಲೇ ಎಳೆದರು. ಮನೆಗೆ ಬಂದು ಹೆಮ್ಮೆಯಿಂದ ಅಪ್ಪನಿಗೆ ಹೇಳಿದರೆ, ಅಪ್ಪ ಆಡುವ ಒಂದೇ ಕೈಯಿಂದ ಮನೆಯ ಕಲ್ಲುಚಪ್ಪಡಿಯನ್ನು ಟಪಟಪ ಬಡಿದ. ಕಣ್ಣಲ್ಲಿ ನೀರು ಬಂತು. ಅಪ್ಪನಿಗೆ ಆನಂದವಾಯಿತು ಅಂದುಕೊಂಡ ಮಗ. ಎಂಟು ದಿನಕ್ಕೆ ಅಪ್ಪ ಹೋದ. ಹೊಸ ಸ್ಮಶಾನದ ಮೊದಲ ಗುಡ್ಡೆ ಅವನದೇ.

ನಿಜವಾದ ಕಲ್ಲು ಸಿಕ್ಕಿದ್ದು ಒಂಬತ್ತು ವರ್ಷದ ಹಿಂದೆ. ತಪ್ಪಿಸಿಕೊಂಡ ಮೇಕೆಯ ಬೆನ್ನು ಹತ್ತಿ ಪೊದೆಯೊಳಗೆ ನುಗ್ಗಿದಾಗ, ಬಂಡೆಯ ಮೂಡಣದ ಅಂಚಿನಲ್ಲಿ ಗೇಣುದ್ದದ ಕಲ್ಲು. ನೆತ್ತಿಯ ಮೇಲೆ ಮೂರು ಬಾಣ, ಮೂರು ದಿಕ್ಕಿಗೆ. ಅಪ್ಪ ಚಪ್ಪಡಿ ಬಡಿದು ಹೇಳಿದ್ದು ಏನೆಂದು ಅವತ್ತು ತಿಳಿಯಿತು. ಬಂಡೆ, ಬಂಡೆ ಎಂದು ಹೇಳಿ ಅತ್ತಿದ್ದ ಮುದುಕ. ಮುನಿರಾಮಪ್ಪ ಸುತ್ತಮುತ್ತ ನೋಡಿ, ಕಲ್ಲಿನ ಮೇಲೆ ಸಣ್ಣಪುಟ್ಟ ಕಲ್ಲುಗಳನ್ನು ರಾಶಿ ಹಾಕಿ ಬಂದ. ಶಾಮಲಮ್ಮನಿಗೆ ಮಾತ್ರ ಹೇಳಿದ.

"ಹೋಗಿ ಹೇಳ್ಬಿಡು," ಅಂದಿದ್ದಳು.

"ಹೇಳಿದ್ರೆ ಹೆಣ ಎಲ್ಲಿ ಹೂಳ್ತಾರೆ? ಬಂಡೆ ಮೇಲಾ?"

"ಅದು ಊರೋರು ಯೋಚನೆ ಮಾಡೋ ಮಾತು. ನೀನು ಹೇಳೋದು ಹೇಳು."

ಅವನು ಹೇಳಲಿಲ್ಲ. ಇವತ್ತು, ನಾಳೆ ಅನ್ನುತ್ತ ಐದು ವರ್ಷ ಕಳೆಯಿತು. ಶಾಮಲಮ್ಮ ಕಾಯಿಲೆ ಬಿದ್ದು ಕೊನೆಗಾಲದಲ್ಲಿ ಅವನ ಕೈ ಹಿಡಿದು, "ನನ್ನನ್ನ ಅಲ್ಲಿ ಹಾಕ್ಬೇಡ. ಇನ್ನೊಬ್ಬರ ನೆಲದಲ್ಲಿ ಕಳ್ಳಿ ಹಂಗೆ ಮಲಗಕ್ಕೆ ನನ್ ಕೈಲಾಗಲ್ಲ," ಅಂದಳು. ಬೇರೆ ಕಡೆ ಹೂಳಬೇಕಾದರೆ ಯಾಕೆಂದು ಜನ ಕೇಳುತ್ತಾರೆ. ಮುನಿರಾಮಪ್ಪ ಅವಳನ್ನು ಅಲ್ಲೇ ಹೂಳಿದ.

ಶ್ರುತಿ ಕಲ್ಲು ನೋಡಿದ ಸಂಜೆ ಅರಳಿಕಟ್ಟೆಯ ಹತ್ತಿರ ಚಿಕ್ಕವೆಂಕಟಪ್ಪ ಬಂದ. ನೆಲ ಇರುವ ಮನೆತನದವನು. ಮುನಿರಾಮಪ್ಪನ ವಯಸ್ಸಿನವನೇ. ಒಂದೇ ಸ್ಲೇಟಿನಲ್ಲಿ ಬರೆದು ಒಂದೇ ಮಾವಿನ ಮರದಿಂದ ಬಿದ್ದವರು. ಶ್ರುತಿ ಎಲ್ಲವನ್ನೂ ವಿವರಿಸಿದಳು.

"ಅಮ್ಮಾ, ನಿಮ್ ಮಿಷಿನ್ ನಿಮಗೆ," ಅಂದ ಚಿಕ್ಕವೆಂಕಟಪ್ಪ. "ನಮ್ ತಾತನ ಕಾಲದಲ್ಲಿ ಗಡಿ ತಕರಾರು ಬಂದ್ರೆ ತೋಟಿ ನಡೀತಿದ್ದ. ತಲೆ ಮೇಲೆ ಗಡಿ ಮಣ್ಣು ಇಟ್ಕೊಂಡು, ಒದ್ದೆ ಬಟ್ಟೆ, ಬರಿಗಾಲು. ಶುರು ಮಾಡಿದ ಮೇಲೆ ಮುಟ್ಟೋ ತನಕ ತುಟಿ ಬಿಚ್ಚಂಗಿಲ್ಲ, ಹಿಂದೆ ನೋಡಂಗಿಲ್ಲ. ಅವನು ನಡೆದಿದ್ದೇ ಗಡಿ. ಸುಳ್ಳು ನಡೆದ್ರೆ ಹೊತ್ತ ಮಣ್ಣೇ ಅವನನ್ನ ತಿನ್ನತ್ತೆ. ಇವನ ತಾತ ನಡೆದಿದ್ದನ್ನ ನಮ್ ತಾತ ಒಪ್ಕೊಂಡಿದ್ದ. ಇವನು ನಡೀಲಿ, ನಾನೂ ಒಪ್ಕೊಂತೀನಿ. ಅಣ್ತಮ್ಮಂದಿರ ಕೈಲೂ ಒಪ್ಪಿಸ್ತೀನಿ." ಮುನಿರಾಮಪ್ಪನ ಭುಜಕ್ಕೆ ಗುದ್ದಿ ಕಣ್ಣು ಮಿಟುಕಿಸಿದ. "ಏನ್ಲಾ, ನಡೀಬೋದು ನೀನು. ಅಷ್ಟು ಹೊತ್ತು ಬಾಯಿ ಮುಚ್ಕೊಂಡಿರೋದು ಆಯ್ತದಾ?"

ಊರೆಲ್ಲ ನಕ್ಕಿತು. ಆ ನಗುವಿಗೆ ಅರಳಿಮರದ ಎಲೆಗಳೆಲ್ಲ ಉದುರಿದವು. "ನೂರು ದಿನ ಮುಚ್ಕೊಂಡಿರ್ತೀನಿ ಬಿಡಣ್ಣೋ," ಅಂದ ಮುನಿರಾಮಪ್ಪ. ನಗು ಇನ್ನೂ ಜೋರಾಯಿತು.

ನಗದೆ ಕೂತಿದ್ದವಳು ದೊಡ್ಡಮುನಿಯಮ್ಮ. ಎಪ್ಪತ್ತು ದಾಟಿದ ಮುದುಕಿ. ಅವಳ ಒಬ್ಬನೇ ಮಗ ಲಕ್ಕೂರಿನ ಕಡೆ ಕೆಲಸಕ್ಕೆ ಹೋಗುವಾಗ ಲಾರಿಗೆ ಸಿಕ್ಕಿ ಸತ್ತಿದ್ದ. ಜನ ಚದುರಿದ ಮೇಲೆ ಅವಳು ಮುನಿರಾಮಪ್ಪನ ತೋಳು ಹಿಡಿದಳು. "ಒರೇಯ್ ಮುನಿರಾಮಾ, ನಂಗೆ ಆ ಮಿಷಿನ್ನು ಗೊತ್ತಿಲ್ಲ, ಕಾಗದ ಗೊತ್ತಿಲ್ಲ. ದಿನಾ ಹೊತ್ತಾರೆ ಹೋಗಿ ನನ್ ಮಗನ ತಲೆದಸಿ ಒಂದು ಚೊಂಬು ನೀರು ಹುಯ್ದು ಬರ್ತೀನಿ. ಅದೊಂದನ್ನ ಉಳಿಸ್ಕೊಡು."

"ಉಳಿಸ್ತೀನಿ ಕಣಮ್ಮ. ಪ್ರಪಂಚ ತಲೆಕೆಳಗಾದ್ರೂ ಉಳಿಸ್ತೀನಿ."

ಸುದ್ದಿ ಕೇಳಿ ಲಕ್ಕೂರಿನಿಂದ ಮುನಿರಾಮಪ್ಪನ ಮಗಳು ಗಂಗಾಲಕ್ಷ್ಮಿ ಫೋನ್ ಮಾಡಿದಳು. ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಅವಳಿಗೆ ಕೆಲಸ. ಹಿಂದೆ ಯಂತ್ರಗಳ ಸದ್ದು. "ಅಪ್ಪಾ, ಅಮ್ಮನ್ನ ಅಲ್ಲಾಡಿಸಕ್ಕೆ ಬಿಡ್ಬೇಡ. ಬದುಕಿದ್ದಾಗ್ಲೂ ನೆಟ್ಟಗೆ ನಿದ್ದೆ ಮಾಡ್ಲಿಲ್ಲ ಅವಳು."

"ಯಾರಮ್ಮ ಅಲ್ಲಾಡಿಸೋರು? ನಾನಿಲ್ವಾ?" ಅಂದ ಮುನಿರಾಮಪ್ಪ.

ಅವನು ತೀರ್ಮಾನ ಮಾಡಿಯಾಗಿತ್ತು. ಮಸೆಗಲ್ಲಿಗೇ ನಡೆಯುವುದು. ಜೀವಮಾನದಲ್ಲಿ ಒಂದು ಲಕ್ಷ ಸುಳ್ಳು ಹೇಳಿದವನಿಗೆ ಇನ್ನೊಂದು ಯಾವ ಭಾರ? ಮಣ್ಣು ತಿನ್ನುವುದಾದರೆ ತಿನ್ನಲಿ, ತಿಂದು ಮುಗಿಸಲು ಅವನಲ್ಲಿ ಉಳಿದದ್ದಾದರೂ ಏನು.

ಮೂರನೇ ದಿನ ಬೆಳಗ್ಗೆ ಕೆರೆ ಕಟ್ಟೆಯ ಕೊನೆಯ ಕಲ್ಲಿನ ಹತ್ತಿರ ಊರು ಸೇರಿತು. ಸುತ್ತಲಿನ ಹದಿನಾರು ಹಳ್ಳಿಯ ಜನ ಬಂದಿದ್ದರು. ಅವರ ಕಾಲಿನ ಧೂಳಿಗೆ ಸೂರ್ಯನಿಗೇ ಕೆಮ್ಮು ಬಂತು. ಇಲ್ಲಿಂದ ಹೊಂಗೆ ಮರದವರೆಗೆ ಗಡಿಯ ಬಗ್ಗೆ ಯಾರದೂ ತಕರಾರಿಲ್ಲ. ಹೊಂಗೆ ಮರದಿಂದ ಎಡಕ್ಕೆ ಸ್ಮಶಾನದಾಚೆಯ ಮಸೆಗಲ್ಲು, ಬಲಕ್ಕೆ ಬಂಡೆ.

ಮುನಿರಾಮಪ್ಪ ಬೋರ್‌ವೆಲ್ಲಿನ ತೊಟ್ಟಿಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲಿ ಮಣ್ಣು ತರಲು ಹೋದ. ಫಾಲ್ಗುಣದ ಬಿಸಿಲಿಗೆ ನೆಲವೆಲ್ಲ ಕಬ್ಬಿಣವಾಗಿತ್ತು. ಕೈಯಿಂದ ಬಗೆದರೆ ಬರುವಂಥ ಮಣ್ಣು ಸ್ಮಶಾನದಲ್ಲಿ ಮಾತ್ರ ಇತ್ತು, ಅದರಲ್ಲೂ ಕೊನೆಯ ಸಾಲಿನಲ್ಲಿ. ಅವನು ಶಾಮಲಮ್ಮನ ಗುಡ್ಡೆಯಿಂದಲೇ ಎರಡು ಬೊಗಸೆ ತೆಗೆದು, ನೀರು ಹಾಕಿ ಮಿದ್ದು, ಎಕ್ಕದ ಎಲೆಯ ಮೇಲಿಟ್ಟು, ಕಟ್ಟೆಯ ಕಲ್ಲಿನ ಹತ್ತಿರ ತಂದು ತಲೆಗೇರಿಸಿದ. ಮಿದಿಯುವಾಗ, ಅವಳು ರಾಗಿಮುದ್ದೆ ತೊಳಸುತ್ತಿದ್ದ ಅಡುಗೆಮನೆಯ ನೆನಪು ಬಂತು.

"ಇನ್ಮೇಲೆ ಮಾತಿಲ್ಲ ಕಣ್ಲಾ," ಅಂದ ಚಿಕ್ಕವೆಂಕಟಪ್ಪ.

ನಡೆದ. ಮೊದಲ ನೂರು ಹೆಜ್ಜೆ ಸಲೀಸು. ಹೊರಗೆ ಬಿಡಲಾಗದ ಮಾತುಗಳು ಗಂಟಲಲ್ಲಿ ಸಂತೆಯ ಜನರಂತೆ ನೂಕಾಡಿದವು. ಬಿಳೀ ದೊರೆಯ ಕುದುರೆಗೆ ಈ ಸಲ ಬೆಳ್ಳಿ ಲಾಳ ಹಾಕಿಸೋಣ ಅಂದುಕೊಂಡಿದ್ದ. ಆದರೆ ಹೇಳುವ ಹಾಗಿರಲಿಲ್ಲ. ಹೇಳದ ಕಥೆಗಳು ಒಂದೊಂದಾಗಿ ಒಳಗೇ ಸತ್ತವು. ಹೆಜ್ಜೆಯ ಸದ್ದು ಬಿಟ್ಟು ಬೇರೆ ಏನೂ ಉಳಿಯಲಿಲ್ಲ. ಐವತ್ತೊಂಬತ್ತು ವರ್ಷದಲ್ಲಿ ಅವನು ತನ್ನ ಹೆಜ್ಜೆಯ ಸದ್ದು ಕೇಳಿದ್ದು ಅದೇ ಮೊದಲು.

ಹೊಂಗೆ ಮರದ ಹತ್ತಿರ ಬರುವಷ್ಟರಲ್ಲಿ ಬಿಸಿಲಿಗೆ ಬೆವರು, ಬೆವರಿಗೆ ಮಣ್ಣು ಕರಗಿ, ಹಣೆಯಿಂದ ಇಳಿದು ತುಟಿಗೆ ಬಂತು. ಉಗಿಯುವ ಹಾಗಿಲ್ಲ, ಒರೆಸುವ ಹಾಗಿಲ್ಲ. ನುಂಗಿದ. ಮಣ್ಣು ಉಪ್ಪುಪ್ಪಾಗಿತ್ತು. ಎಡಕ್ಕೆ ದೊಡ್ಡಮುನಿಯಮ್ಮ ಚೊಂಬು ಹಿಡಿದು ಮಗನ ಗುಡ್ಡೆಯ ತಲೆದೆಸೆಯಲ್ಲಿ ಕೂತಿದ್ದಳು. ಅವನನ್ನು ನೋಡಿ ತಲೆಯಾಡಿಸಿದಳು, ಬಾ ಅನ್ನುವ ಹಾಗೆ.

ಎಡಕ್ಕೆ ತಿರುಗಬೇಕು. ತಿರುಗು ಎಂದು ಕಾಲಿಗೆ ಹೇಳಿದ. ಕಾಲು ತಿರುಗಲಿಲ್ಲ. ಅವನ ಸುಳ್ಳುಗಳಿಗೆಲ್ಲ ಬಾಯಿ ಬೇಕಿತ್ತು. ಬಾಯಿ ಮುಂದೆ ಓಡಿ ದಾರಿ ಮಾಡಿದರೆ ಉಳಿದದ್ದು ಹಿಂದೆ ಹೋಗುತ್ತಿತ್ತು. ಕಾಲಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ತಲೆಯ ಮೇಲೆ ಕೂತವಳಿಗೆ ಅದನ್ನು ನಂಬಿ ಅಭ್ಯಾಸವಿರಲಿಲ್ಲ. ಈಗ ನಿಜ ಹೇಳು ಅಂತ ಅವಳೇನೂ ಅನ್ನಲಿಲ್ಲ. ತಟ್ಟೆ ಮುಂದಿಟ್ಟು ಕಾಯುವ ಹಾಗೆ ಸುಮ್ಮನೆ ಭಾರವಾಗಿದ್ದಳು, ಅಷ್ಟೇ.

ಬಲಕ್ಕೆ ತಿರುಗಿದ.

ಹಿಂದೆ ಯಾರೋ "ಅಯ್ಯೋ, ದಾರಿ ತಪ್ತು" ಅಂದರು. "ಏಯ್ ಮುನಿರಾಮಣ್ಣ, ಆ ಕಡೆ ಅಲ್ಲ ಕಣೋ!" ಅವನು ಹಿಂದೆ ನೋಡಲಿಲ್ಲ. ಬಂಡೆ ಹತ್ತಿದ. ಕಾದ ಕಲ್ಲು ಅಂಗಾಲು ಸುಟ್ಟಿತು. ಮೂಡಣದ ಅಂಚಿಗೆ ಹೋಗಿ, ಪೊದೆಯೊಳಗೆ ತಾನೇ ರಾಶಿ ಹಾಕಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟ. ಮೂರು ಬಾಣದ ಕಲ್ಲು ಬಿಸಿಲಿಗೆ ಬಂತು. ತಲೆಯ ಮೇಲಿದ್ದದ್ದನ್ನು ಅದರ ನೆತ್ತಿಗೆ ಇಳಿಸಿ ಕೂತ.

ಶ್ರುತಿ ರೋವರ್ ಹಿಡಿದು ಬಂದಳು. ಮಣ್ಣನ್ನು ಕೊಂಚ ಸರಿಸಿ ಬಾಣಗಳ ಮೇಲೆ ಬೆರಳಾಡಿಸಿದಳು. ಯಂತ್ರ ಕುಂಯ್ ಅಂದಿತು. ಅವಳು ಬರೆದುಕೊಂಡಳು.

ದೊಡ್ಡಮುನಿಯಮ್ಮ ಬಂಡೆ ಹತ್ತಿ ಬರಲು ಬಹಳ ಹೊತ್ತು ಹಿಡಿಯಿತು. ಜನ ದಾರಿ ಬಿಟ್ಟರು. ಅವಳು ಅವನ ಮುಂದೆ ಕೂತಳು. ಕೈಯಲ್ಲಿ ಚೊಂಬು ಇನ್ನೂ ಇತ್ತು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಎಷ್ಟು ವರ್ಷದಿಂದ?"

"ಒಂಬತ್ತು."

ಅವಳು ಲೆಕ್ಕ ಹಾಕಿದಳು. ತುಟಿ ಆಡಿತು. "ನನ್ ಮಗನ್ನ ಹೂತಿದ್ದು ಆರು ವರ್ಷದ ಹಿಂದೆ. ಗುಂಡಿ ತೋಡಕ್ಕೆ ಜಾಗ ತೋರಿಸಿದ್ದು ನೀನೇ."

ಅವನು ತಲೆ ಎತ್ತಲಿಲ್ಲ. ಬೈಯುತ್ತಾಳೆ ಅಂದುಕೊಂಡ, ಚೊಂಬಿನಲ್ಲಿ ಹೊಡೆಯುತ್ತಾಳೆ ಅಂದುಕೊಂಡ. ಅವಳು ಚೊಂಬಿನ ನೀರನ್ನು ಬಂಡೆಯ ಮೇಲೆ ಸುರಿದು ಎದ್ದು ಹೋದಳು. ನೀರು ನೆಲಕ್ಕೆ ಇಂಗಲಿಲ್ಲ. ಸ್ವಲ್ಪ ದೂರ ಹರಿದು ಆರಿತು.

ಎಲ್ಲರೂ ಇಳಿದ ಮೇಲೆ ಚಿಕ್ಕವೆಂಕಟಪ್ಪ ಬಂದು ಪಕ್ಕದಲ್ಲಿ ಕೂತ. ಬೀಡಿ ಹಚ್ಚಿದ. ಒಂದನ್ನು ಇವನಿಗೂ ಕೊಟ್ಟ.

"ಎಡಕ್ಕೆ ನಡೆದಿದ್ರೆ ನಾನೇನಾದ್ರೂ ಕೇಳ್ತಿದ್ನೇನ್ಲಾ?"

"ಇಲ್ಲ ಕಣಣ್ಣ."

"ಮತ್ತೆ?"

ಮುನಿರಾಮಪ್ಪ ಅಂಗೈಗೆ ಅಂಟಿದ ಮಣ್ಣನ್ನು ಉಜ್ಜಿಕೊಂಡ.

"ಈಗ ನನ್ ಕೈಲೂ ಇಲ್ಲ. ಗಡಿ ತನಕ ನಮ್ ನೆಲವೆಲ್ಲ ಅವರಿಗೆ ಅಂತ ಕರಾರಿಗೆ ಆರು ಜನ ಅಣ್ತಮ್ಮಂದಿರ ಸಹಿ ಬಿದ್ದದೆ. ಹುಣ್ಣಿಮೆ ತನಕ ಟೈಮ್ ಕೇಳ್ತೀನಿ ಗೋಡೌನೋರನ್ನ. ಅದಕ್ಕಿಂತ ಜಾಸ್ತಿ ಆಗಲ್ಲ." ಬೀಡಿಯನ್ನು ಅರ್ಧಕ್ಕೇ ಬಂಡೆಗೆ ಒತ್ತಿ ಆರಿಸಿದ. "ಒಂದ್ ಮಾತು ಮುಂಚೆ ಹೇಳಿದ್ರೆ ಆ ತುಂಡನ್ನ ಬಿಟ್ಟು ಬರೆಸ್ತಿದ್ದೆ. ಒಂಬತ್ತು ವರ್ಷ ಇತ್ತಲ್ಲೋ ನಿಂಗೆ."

ಹುಣ್ಣಿಮೆಯೊಳಗೆ ಎಲ್ಲ ಆಯಿತು. ಕಾಲೋನಿಯವರು ಒಬ್ಬೊಬ್ಬರಾಗಿ ಬಂದು, ತಮ್ಮ ತಮ್ಮವರನ್ನು ಅಗೆದು, ಹೊಸ ಬಟ್ಟೆಯಲ್ಲಿ ಕಟ್ಟಿ ಬಂಡೆಗೆ ಹೊತ್ತರು. ಹಾರೆ ಹಾಕಿದರೆ ಕಿಡಿ ಹಾರಿತೇ ಹೊರತು ಗುಂಡಿಯಾಗಲಿಲ್ಲ. ಗಂಟುಗಳನ್ನು ಬಂಡೆಯ ಮೇಲೆ ಸಾಲಾಗಿ ಇಟ್ಟು ಮೇಲೆ ಕಲ್ಲು ಪೇರಿಸಿದರು. ಮುನಿರಾಮಪ್ಪ ಸಹಾಯಕ್ಕೆ ಕೈ ಚಾಚಿದರೆ ಯಾರೂ ಬೇಡ ಅನ್ನಲಿಲ್ಲ. ಬೇರೆ ಕಡೆಯಿಂದ ಹೋದರು. ಅವನು ತನ್ನ ಅಪ್ಪನನ್ನು ಒಬ್ಬನೇ ಹೊತ್ತ. ಶಾಮಲಮ್ಮನನ್ನು ಗಂಗಾಲಕ್ಷ್ಮಿಯ ಜೊತೆ ಹೊತ್ತ. ಮಗಳು ಬಸ್ಸಿಗೆ ಹತ್ತುವವರೆಗೂ ಅಪ್ಪನ ಜೊತೆ ಮಾತಾಡಲಿಲ್ಲ. ಹತ್ತಿದ ಮೇಲೆ ಕಿಟಕಿಯಿಂದ, "ಊಟ ಮಾಡು" ಅಂದಳು.

ಶ್ರುತಿ ಕೊನೆಯ ಸಹಿಗೆಂದು ಬಂದಾಗ ಅವನು ಬಂಡೆಯ ಮೇಲೆ ಕೂತಿದ್ದ. ಕೋಲಾರದ ಬೆಟ್ಟ ಧೂಳಿನಲ್ಲಿ ಕಾಣುತ್ತಿರಲಿಲ್ಲ. ಮುಳಬಾಗಿಲಿನದೂ ಕಾಣುತ್ತಿರಲಿಲ್ಲ. ಕೆಳಗೆ ಜೆಸಿಬಿ ಮೆತ್ತನೆಯ ಮಣ್ಣನ್ನು ಸಮ ಮಾಡುತ್ತಿತ್ತು. ಅವಳು ಮಹಜರಿನ ಕಾಗದ ತೆಗೆದು, ಸಮಾಧಿಗಳ ಲೆಕ್ಕಕ್ಕೆಂದು ಖಾಲಿ ಬಿಟ್ಟ ಜಾಗದ ಮೇಲೆ ಪೆನ್ನಿಟ್ಟಳು.

"ಎಷ್ಟು ಅಂತ ಬರೀಲಿ, ಮುನಿರಾಮಪ್ಪನೋರೇ?"

"ಇಪ್ಪತ್ತೇಳು."

ಬರೆದಳು. ಆಮೇಲೆ ಕಾಗದವನ್ನು ಅವನ ಮುಂದೆ ಹಿಡಿದಳು. ಅವನು ಸಹಿ ಹಾಕಿದ.